ಮಾರುವ ಮೊದಲು ಹಳೇ ಮನೆಗೆ ಏನು ಮಾಡಿಸಬೇಕು, ಏನು ಬಿಡಬೇಕು

ನಿಮ್ಮ ಪ್ರಶ್ನೆ ಓದಿದೆ. ಬೆಂಗಳೂರಿನ ರಾಜಾಜಿನಗರದಲ್ಲಿ 30×40 ಸೈಟು, 1996ರಲ್ಲಿ ಕಟ್ಟಿದ ಮನೆ, 2006ರಲ್ಲಿ ಮೇಲೊಂದು ಮಹಡಿ. ಕೈಯಲ್ಲಿರುವುದು ಒಂದೂವರೆ ಲಕ್ಷ. ಬ್ರೋಕರ್ ನೋಡಿದರೆ ಮಾಡ್ಯುಲರ್ ಕಿಚನ್ ಮಾಡಿಸಿ, ನೆಲಕ್ಕೆಲ್ಲ ವಿಟ್ರಿಫೈಡ್ ಟೈಲ್ಸ್ ಹಾಕಿಸಿ, ಎಂಟು ಲಕ್ಷ ಹಾಕಿದರೆ ಇಪ್ಪತ್ತು ಲಕ್ಷ ಜಾಸ್ತಿ ಬರುತ್ತೆ ಅನ್ನುತ್ತಿದ್ದಾರೆ. ಸಾಲ ಮಾಡಿ ಮಾಡಿಸಲಾ ಅಂತ ಕೇಳಿದ್ದೀರಿ.

ಬೇಡ. ವಿಜಯನಗರದಲ್ಲಿದ್ದ ನಮ್ಮಮ್ಮನ ಮನೆಯನ್ನು ನಾನು, ಅಕ್ಕ ಸೇರಿ 2023ರಲ್ಲಿ ಮಾರಿದೆವು. ಹೆಚ್ಚೂಕಡಿಮೆ ಇದೇ ಅಳತೆ, ಇದೇ ವಯಸ್ಸಿನ ಮನೆ. ದುಡ್ಡು ಎಲ್ಲಿ ದಂಡವಾಯಿತು ಅನ್ನುವುದು ಇನ್ನೂ ನೆನಪಿದೆ.

ಮೊದಲು ಒಂದು ಕೆಲಸ ಮಾಡಿ, ಇದಕ್ಕೆ ಖರ್ಚಿಲ್ಲ. ನಿಮ್ಮ ಬೀದಿ, ಅಕ್ಕಪಕ್ಕದ ಎರಡು ಬೀದಿ ಸುತ್ತಿ ಬನ್ನಿ. ಈಚೆಗೆ ಮಾರಾಟವಾದ ಮನೆಗಳು ಈಗ ಏನಾಗಿವೆ? ಕೊಂಡವರು ಬಣ್ಣ ಹೊಡೆಸಿ ವಾಸಕ್ಕೆ ಬಂದಿದ್ದಾರಾ, ಇಲ್ಲ ಜೆಸಿಬಿ ತಂದು ಕೆಡವಿ, ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ಮೂರು ಮಹಡಿ ಎಬ್ಬಿಸಿದ್ದಾರಾ? ಹಳೇ ಬಡಾವಣೆಗಳಲ್ಲಿ ಕೆಡವುವವರೇ ಜಾಸ್ತಿ. ಅಂಥವರು ರಸ್ತೆ ಎಷ್ಟಗಲ, ಸೈಟು ಯಾವ ದಿಕ್ಕು, ದಾಖಲೆ ಸರಿ ಇದೆಯಾ ಅಂತಷ್ಟೇ ನೋಡುತ್ತಾರೆ, ನಿಮ್ಮ ಅಡುಗೆಮನೆ ಕಡೆ ತಿರುಗಿಯೂ ನೋಡುವುದಿಲ್ಲ. ನಿಮ್ಮ ಬೀದಿಯೂ ಹಾಗಿದ್ದರೆ ಮನೆ ಖಾಲಿ ಮಾಡಿ, ತೊಳೆಸಿ, ಸುಮ್ನೆ ಇದ್ದುಬಿಡಿ. ಮುಂದೆ ಬರೆದಿರುವುದೆಲ್ಲ ವಾಸಕ್ಕೆ ಬರುವವರಿಗೆ ಮಾರುವುದಾದರೆ ಮಾತ್ರ.

ವಾಸಕ್ಕೆ ಬರುವವರು ಹೆದರುವುದು ತೇವಕ್ಕೆ. ನಮ್ಮ ಹಾಲಿನ ಒಂದು ಗೋಡೆಯ ಹಿಂದೆಯೇ ಬಚ್ಚಲುಮನೆ. ಗೋಡೆಯ ಕೆಳಭಾಗದಲ್ಲಿ ಮೊಣಕಾಲೆತ್ತರಕ್ಕೆ ಕಲೆ ಇತ್ತು. 'ಎರಡು ಕೋಟ್ ಪುಟ್ಟಿ ಎಳೆದರೆ ಏನೂ ಕಾಣಲ್ಲ ಸಾರ್' ಅಂದರು ಪೇಂಟರ್. ನಾನೂ ಹೂಂ ಅಂದೆ. ಹಾಲು, ಎರಡು ರೂಮು ಸೇರಿ 38 ಸಾವಿರ ಆಯಿತು. ನೋಡಲು ಚೆನ್ನಾಗಿಯೇ ಇತ್ತು, ಮೂರು ವಾರ. ಆಮೇಲೆ ಅದೇ ಜಾಗದಲ್ಲಿ ಹಪ್ಪಳದ ಹಾಗೆ ಉಬ್ಬಿತು. ಮನೆ ನೋಡಲು ಬಂದವರ ಜೊತೆ ಅವರ ಮಾವ ಬಂದಿದ್ದರು. ಹಿರಿಯರು, ಮಾತು ಕಡಿಮೆ. ಬಗ್ಗಿ ಉಗುರಲ್ಲಿ ಒಂದು ಸಲ ಕೆರೆದರು, ಪುಟ್ಟಿ ಉದುರಿತು, ಕೈ ಒರೆಸಿಕೊಂಡು ಎದ್ದರು, ಅಷ್ಟೇ. ಮಾರನೇ ದಿನ ಬ್ರೋಕರ್ ಫೋನ್ ಮಾಡಿ ಅವರು ನಾಲ್ಕು ಲಕ್ಷ ಇಳಿಸಿ ಕೇಳುತ್ತಿದ್ದಾರೆ ಅಂದರು. ಹೊಸ ಬಣ್ಣ ಇಲ್ಲದೆ ಕಲೆ ಹಾಗೇ ಕಂಡಿದ್ದರೆ ಇಷ್ಟು ಇಳಿಸುತ್ತಿರಲಿಲ್ಲವೇನೋ, ಮುಚ್ಚಿಟ್ಟಿದ್ದಾರೆ ಅನ್ನುವ ಅನುಮಾನ ಬಂದಮೇಲೆ ಸಜ್ಜಾ, ಟೆರೇಸು ಎಲ್ಲದರಲ್ಲೂ ತಪ್ಪು ಹುಡುಕಿದರು.

ಆ ವ್ಯಾಪಾರ ಮುರಿದುಬಿತ್ತು. ಕೊನೆಗೆ ಒಬ್ಬ ಒಳ್ಳೇ ಪ್ಲಂಬರ್ ಸಿಕ್ಕಿದರು. ಬಚ್ಚಲಿನ ಟೈಲ್ಸ್ ಸಂದುಗಳಲ್ಲಿ ಹಳೇ ಸಿಮೆಂಟು ಕಿತ್ತುಹೋಗಿತ್ತು, ನೀರು ಹೋಗುವ ಟ್ರ್ಯಾಪ್ ಸುತ್ತ ಬಿರುಕು ಬಿಟ್ಟಿತ್ತು. ಸಂದು ಕೆರೆದು ನೀರು ಇಳಿಯದ ಎಪಾಕ್ಸಿ ಅಂಟು ತುಂಬಿ, ಟ್ರ್ಯಾಪ್ ಸುತ್ತ ಹೊಸದಾಗಿ ಕಟ್ಟಿದರು. ಒಟ್ಟು 9 ಸಾವಿರ. ಗೋಡೆಯ ಪುಟ್ಟಿ ಪೂರ್ತಿ ಕೆರೆಸಿ ಒಂದು ತಿಂಗಳು ಒಣಗಲು ಬಿಟ್ಟೆವು, ಆಮೇಲೆ ಬಣ್ಣ. ಇದನ್ನೇ ಮೊದಲು ಮಾಡಿದ್ದರೆ ಆಗ್ತಿತ್ತು ಅಲ್ವಾ.

ಟೆರೇಸನ್ನೂ ನೋಡಿ. ನಾಲ್ಕು ಬಕೆಟ್ ನೀರು ಸುರಿದು ಎಲ್ಲಿ ನಿಲ್ಲುತ್ತೆ ಅಂತ ಗಮನಿಸಿ. ಮಳೆನೀರಿನ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿದ್ದರೆ ತೆಗೆಯಿರಿ. ಬರೀ ಅದರಿಂದಲೇ ಸೋರುವ ಮನೆಗಳಿವೆ. ವಾಟರ್‌ಪ್ರೂಫಿಂಗ್ ಬೇಕೇ ಬೇಕು ಅನಿಸಿದರೆ ಒಣ ಕಾಲದಲ್ಲಿ, ಫೆಬ್ರವರಿ-ಮಾರ್ಚಲ್ಲೇ ಮುಗಿಸಿಬಿಡಿ. ನಮ್ಮೂರಲ್ಲಿ ಏಪ್ರಿಲ್‌ನಿಂದಲೇ ಮಳೆ ಶುರು, ಸೆಪ್ಟೆಂಬರ್-ಅಕ್ಟೋಬರ್‌ನಲ್ಲಂತೂ ಕೇಳುವುದೇ ಬೇಡ.

ಎರಡನೆಯದು ನೀರು. 2024ರ ಬೇಸಿಗೆಯಲ್ಲಿ ಟ್ಯಾಂಕರ್‌ಗೆ ಪರದಾಡಿದ್ದನ್ನು ಬೆಂಗಳೂರಿನವರು ಯಾರೂ ಮರೆತಿಲ್ಲ. ಸಂಪು, ಮೇಲಿನ ಟ್ಯಾಂಕು ಎರಡನ್ನೂ ತೊಳೆಸಿ. ತೊಟ್ಟಿಕ್ಕುವ ನಲ್ಲಿಗಳಿಗೆ ವಾಷರ್ ಹಾಕಿಸಿ. ಉಪ್ಪು ಕಟ್ಟಿದ ನಲ್ಲಿ, ಶವರ್ ಉಜ್ಜಿಯೂ ಬಿಳುಪು ಹೋಗದಿದ್ದರೆ ಬದಲಾಯಿಸಿ. ಕಾವೇರಿ ನೀರಿನ ಬಿಲ್‌ಗಳನ್ನು ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ. ವಾರಕ್ಕೆ ಎಷ್ಟು ದಿನ ನೀರು ಬರುತ್ತೆ ಅಂತ ಕೇಳೇ ಕೇಳುತ್ತಾರೆ, ಇದ್ದದ್ದನ್ನು ಇದ್ದ ಹಾಗೆ ಹೇಳಿ.

ನೆಲ ಯಾವುದು ಅಂತ ನೀವು ಬರೆದಿಲ್ಲ. ಮೊಸಾಯಿಕ್ ಆಗಿದ್ದರೆ ಕೀಳಿಸಬೇಡಿ, ಮೆಷಿನ್ ಪಾಲಿಶ್ ಮಾಡಿಸಿ. ನಮಗೆ ಚದರ ಅಡಿಗೆ 25 ರೂಪಾಯಿ ಬಿತ್ತು, ಮುಗಿದಮೇಲೆ ಅಮ್ಮ ಇದು ನಮ್ಮನೆ ನೆಲವೇನಾ ಅಂದರು. ಆದರೆ ಪಾಲಿಶ್ ಮಾಡುವಾಗ ಕೆಸರು ಗೋಡೆಗೆಲ್ಲ ಸಿಡಿಯುತ್ತೆ, ಹಾಗಾಗಿ ಬಣ್ಣ ಅದಾದಮೇಲೆ. ಬಣ್ಣ ತಿಳಿಯಾಗಿರಲಿ, ಎಲ್ಲಾ ರೂಮಿಗೂ ಒಂದೇ ಇರಲಿ. ಗೇಟು, ಕಿಟಕಿ ಕಂಬಿಗೆ ತುಕ್ಕು ಉಜ್ಜಿಸಿ, ಪ್ರೈಮರ್ ಮೇಲೆ ಎನಾಮೆಲ್ ಹೊಡೆಸಿ, ಮೊದಲು ಕಣ್ಣಿಗೆ ಬೀಳುವುದೇ ಗೇಟು. ಕಪ್ಪಾದ ಸ್ವಿಚ್ಚು ಬದಲಾಯಿಸಿ, ಮಿಣಮಿಣ ಅನ್ನುವ ಟ್ಯೂಬ್‌ಲೈಟ್ ತೆಗೆಸಿ, ಕಿರುಗುಡುವ ಬಾಗಿಲಿಗೆ ಎಣ್ಣೆ ಬಿಡಿ. ಅಟ್ಟದ ಮೇಲಿನ ಸಾಮಾನು ಇಳಿಸಿ. ಇಷ್ಟೂ ಒಂದೂವರೆ ಲಕ್ಷದೊಳಗೆ ಆಗುತ್ತೆ, ಟೆರೇಸು ತೀರಾ ಹಾಳಾಗಿರದಿದ್ದರೆ.

ವಾಸ್ತು ಅಂತ ಒಂದು ಇಟ್ಟಿಗೆಯನ್ನೂ ಕದಲಿಸಬೇಡಿ. ನಮ್ಮನೆಗೆ ಬಂದ ಒಬ್ಬರು ಈಶಾನ್ಯದಲ್ಲಿ ಸಂಪಿದೆ, ಭಾರೀ ಒಳ್ಳೇದು ಅಂದರು. ಮಾರನೇ ದಿನ ಬಂದ ಇನ್ನೊಬ್ಬರು ಮೆಟ್ಟಿಲು ಎಣಿಸಿ ಹಾಗೇ ಹೊರಟುಹೋದರು.

ದಾಖಲೆಗೂ ಸ್ವಲ್ಪ ದುಡ್ಡು, ಜಾಸ್ತಿ ಟೈಮು ಎತ್ತಿಡಿ. ನಾವು ಮಾರುವಾಗ ಈ ಗೋಜಿರಲಿಲ್ಲ, 2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ-ಖಾತಾ, ಅಂದರೆ ಆಸ್ತಿ ಖಾತೆಯ ಆನ್‌ಲೈನ್ ದಾಖಲೆ, ಬೇಕೇ ಬೇಕು. ಖಾತೆಯಲ್ಲಿ ಹೆಸರು, ಅಳತೆ ಕ್ರಯಪತ್ರದ ಜೊತೆ ತಾಳೆಯಾಗುತ್ತಾ ನೋಡಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇಸಿ (ಆಸ್ತಿಯ ಮೇಲಿನ ಸಾಲ, ವ್ಯವಹಾರ ತೋರಿಸುವ ಋಣಭಾರ ಪತ್ರ) ತೆಗೆಸಿ, ಕಂದಾಯದ ರಸೀದಿ ಜೋಡಿಸಿ. ಹಳೇ ಗೃಹಸಾಲ ತೀರಿಸಿದ್ದರೂ ಇಸಿಯಲ್ಲಿ ಇನ್ನೂ ಕಾಣುತ್ತಿರಬಹುದು, ಅದನ್ನು ಈಗಲೇ ಸರಿಮಾಡಿಸಿ.

ಇನ್ನೊಂದು, ತೆರಿಗೆ ಲೆಕ್ಕ ಹಾಕುವಾಗ ಬಣ್ಣ, ಸಣ್ಣಪುಟ್ಟ ರಿಪೇರಿಯ ಖರ್ಚನ್ನು ಸಾಮಾನ್ಯವಾಗಿ ಲಾಭದಿಂದ ಕಳೆಯಲು ಬಿಡುವುದಿಲ್ಲ. 2006ರಲ್ಲಿ ಮಹಡಿ ಕಟ್ಟಿಸಿದ್ದನ್ನು ಕಳೆಯಬಹುದು, ಬಿಲ್ಲಿದ್ದರೆ. ಹುಡುಕಿ ನೋಡಿ. ನಮ್ಮವು ಅಮ್ಮನ ಹಳೇ ಬಿಸ್ಕತ್ ಡಬ್ಬದಲ್ಲಿ, ಗ್ಯಾಸ್ ರಸೀದಿಗಳ ಕೆಳಗೆ ಸಿಕ್ಕಿದವು.