ಅರ್ಧಕ್ಕೆ ನಿಂತ ಪುಸ್ತಕ ಪಕ್ಕಕ್ಕಿಡಿ

ಮೊದಲೆಲ್ಲ ರಾತ್ರಿಯಿಡೀ ಕಾದಂಬರಿ ಓದುತ್ತಿದ್ದೆ, ಈಗ ಎರಡು ಪುಟಕ್ಕೇ ಕೈ ಫೋನಿನ ಕಡೆ ಹೋಗುತ್ತದೆ ಅಂದಿದ್ದೀರಿ. ತಿಂಗಳುಗಳಿಂದ ಅರ್ಧಕ್ಕೆ ನಿಂತ ದಪ್ಪ ಪುಸ್ತಕ ಮುಗಿಸದೆ ಬೇರೆ ಶುರು ಮಾಡಬಹುದಾ ಅಂತ ಕೇಳಿದ್ದೀರಿ. ಖಂಡಿತ ಮಾಡಿ. ಶುರು ಮಾಡಿದ್ದನ್ನು ಮುಗಿಸಲೇಬೇಕು, ಓದಿದ್ದು ನೆನಪಿರಲೇಬೇಕು ಅನ್ನುವುದು ಪರೀಕ್ಷೆಯ ಓದು. ಖುಷಿಯ ಓದಿಗೆ ಇವೆರಡೂ ಬೇಡ.

ಓದುವಾಗ ಕಣ್ಣು ಪುಟ್ಟ ಪುಟ್ಟ ನೆಗೆತಗಳಲ್ಲಿ ಸಾಗುತ್ತದೆ, ಒಂದೊಂದು ಕಡೆ ಸುಮಾರು ಕಾಲು ಸೆಕೆಂಡ್ ನಿಲ್ಲುತ್ತದೆ. ಫೋನಿನಲ್ಲಾದರೆ ನಾವು ತಲೆಬರಹ, ಮೊದಲ ಸಾಲು ನೋಡಿ ಮುಂದಕ್ಕೆ ಸರಿಸುತ್ತೇವೆ. ಅದೇ ಆತುರದಲ್ಲಿ ಕಾದಂಬರಿ ಹಿಡಿದರೆ ಪಾತ್ರಗಳ ಹೆಸರೇ ತಲೆಯಲ್ಲಿ ನಿಲ್ಲುವುದಿಲ್ಲ.

ಅದಕ್ಕೇ ಹಿಂದೆ ತುಂಬಾ ಇಷ್ಟಪಟ್ಟು ಓದಿದ ಪುಸ್ತಕವನ್ನೇ ಮತ್ತೆ ತೆಗೆಯಿರಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಹೆಸರುಗಳು, ಊರು, ಮುಂದೇನಾಗುತ್ತದೆ ಎಲ್ಲ ಗೊತ್ತಿರುತ್ತದೆ, ತಿಣುಕಬೇಕಿಲ್ಲ. ಮುಂದೇನು ಅನ್ನುವ ಅವಸರದಲ್ಲಿ ಅಂದು ದಾಟಿಹೋಗಿದ್ದ ಅಜ್ಜಿಯೊಬ್ಬಳ ಸಿಡುಕು, ಜಗಳವಾದ ಮೇಲೆ ಇಬ್ಬರೂ ಸುಮ್ನೆ ಊಟಕ್ಕೆ ಕೂರುವ ಒಂದು ಪ್ಯಾರಾ ಈ ಸಲ ಕಣ್ಣಿಗೆ ಬೀಳುತ್ತದೆ. ಅದನ್ನೇ ಇನ್ನೊಮ್ಮೆ ಓದಬೇಕು ಅನಿಸಿತು ಅಂದರೆ ಓದು ವಾಪಸ್ ಬರುತ್ತಿದೆ ಅಂತಲೇ ಅರ್ಥ. ಆಮೇಲೆ ಪತ್ತೇದಾರಿ, ಸಣ್ಣಕಥೆ, ಏನಾದರೂ ಸರಿ.

ಫೋನ್ ಬೇರೆ ಕೋಣೆಯಲ್ಲಿಡಿ, ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟುಕೊಂಡರೆ ಸಾಲದು. ವರ್ಷಕ್ಕೆ ಇಷ್ಟು ಪುಸ್ತಕ ಅಂತ ಗುರಿ ಮಾತ್ರ ಬೇಡ, ಅದೂ ಇನ್ನೊಂದು ಪರೀಕ್ಷೆಯೇ ಅಲ್ವಾ? ಯಾವ ಪುಸ್ತಕ ತೆಗೆದಿರಿ ಅಂತ ತಿಳಿಸಿ, ಕೇಳಲು ನನಗೂ ಆಸೆ.