ಯಾರೂ ಕೊಡದ ಔಷಧಿಯನ್ನು ಟೈಫಾಯ್ಡ್ ವರದಿಯಲ್ಲಿ ಪರೀಕ್ಷಿಸುವುದೇಕೆ?

ನಿಮ್ಮ ತಮ್ಮನ ರಕ್ತದ ಕಲ್ಚರ್ ವರದಿಯಲ್ಲಿ ನಾಲಿಡಿಕ್ಸಿಕ್ ಆಸಿಡ್ ಎದುರಿಗೆ ‘ಆರ್’ (ಔಷಧಿಗೆ ಬಗ್ಗದು) ಎಂದೂ ಸಿಪ್ರೋಫ್ಲಾಕ್ಸಾಸಿನ್ ಎದುರಿಗೆ ‘ಐ’ (ನಡುವಿನ ಸ್ಥಿತಿ) ಎಂದೂ ಬರೆದಿದೆ; ಟೈಫಾಯ್ಡಿಗೆ ಯಾರೂ ಕೊಡದ ಮೊದಲನೆಯದನ್ನು ಪರೀಕ್ಷಿಸಿದ್ದೇಕೆ, ಹಿಂದೆ ನಿಮ್ಮ ತಂದೆಯವರಿಗೆ ಗುಣ ಕೊಟ್ಟ ಸಿಪ್ರೋಫ್ಲಾಕ್ಸಾಸಿನ್ ಮಾತ್ರೆಯನ್ನು ಬಿಟ್ಟು ವೈದ್ಯರು ಸೆಫ್ಟ್ರಿಯಾಕ್ಸೋನ್ ಚುಚ್ಚುಮದ್ದು ಆರಿಸಿದ್ದೇಕೆ ಎಂದು ಕೇಳಿದ್ದೀರಿ. ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ಔಷಧಿಗಳನ್ನು ಪರೀಕ್ಷಿಸುವ ಪ್ಲೇಟುಗಳನ್ನು ಓದುತ್ತಲೇ ವೃತ್ತಿಯ ಬಹುಭಾಗ ಕಳೆದವನು ನಾನು. ವೈದ್ಯರ ಆಯ್ಕೆ ಸರಿಯಾಗಿಯೇ ಇದೆ.

ನಾಲಿಡಿಕ್ಸಿಕ್ ಆಸಿಡ್, ಸಿಪ್ರೋಫ್ಲಾಕ್ಸಾಸಿನ್ ಎರಡೂ ಕ್ವಿನೊಲೋನ್ ಎಂಬ ಒಂದೇ ಕುಟುಂಬದ ಔಷಧಿಗಳು; ಸೆಫ್ಟ್ರಿಯಾಕ್ಸೋನ್ ಬೇರೆ ಕುಟುಂಬದ್ದು. ಮಲೇರಿಯಾದ ಕ್ಲೋರೋಕ್ವಿನ್ ತಯಾರಿಕೆಯಲ್ಲಿ ಸಿಕ್ಕ ಉಪೋತ್ಪನ್ನವೊಂದರ ಬೆನ್ನು ಹತ್ತಿ ಜಾರ್ಜ್ ಲೆಷರ್ ಮತ್ತು ಸಂಗಡಿಗರು 1962ರಲ್ಲಿ ನಾಲಿಡಿಕ್ಸಿಕ್ ಆಸಿಡ್ಡನ್ನು ಪ್ರಕಟಿಸಿದರು. ಅದೇ ಚೌಕಟ್ಟಿಗೆ ಫ್ಲೋರಿನ್ ಸೇರಿಸಿ ಬಲಪಡಿಸಿದ ಮುಂದಿನ ಪೀಳಿಗೆಯದು ಸಿಪ್ರೋಫ್ಲಾಕ್ಸಾಸಿನ್. ಎರಡೆಳೆಯ ಹುರಿಯನ್ನು ನಡುವೆ ಬಿಡಿಸಲು ಹೋದರೆ ಮುಂದಿನ ಭಾಗ ಬಿಗಿದು ಗಂಟಾಗುವುದನ್ನು ನೀವು ನೋಡಿರುತ್ತೀರಿ. ಬ್ಯಾಕ್ಟೀರಿಯಾ ತನ್ನ ಡಿಎನ್‌ಎ ನಕಲು ಮಾಡುವಾಗಲೂ ಹಾಗೆಯೇ ಆಗುತ್ತದೆ; ಆಗ ಗೈರೇಸ್ ಎಂಬ ಕಿಣ್ವ ಎರಡೂ ಎಳೆಗಳನ್ನು ಕತ್ತರಿಸಿ, ಬಿಗಿತ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಕತ್ತರಿಸಿದ ಆ ಕ್ಷಣದಲ್ಲಿಯೇ ಕ್ವಿನೊಲೋನ್ ಅಲ್ಲಿ ಸೇರಿಕೊಂಡು ಬೆಸುಗೆಯನ್ನು ತಡೆಯುವುದರಿಂದ ಡಿಎನ್‌ಎ ತುಂಡಾಗಿಯೇ ಉಳಿದು ಬ್ಯಾಕ್ಟೀರಿಯಾ ಸಾಯುತ್ತದೆ.

ಔಷಧಿ ಅಲ್ಲಿ ನಿಲ್ಲುವುದು ಒಂದು ಮೆಗ್ನೀಸಿಯಮ್ ಅಯಾನು ಮತ್ತು ಅದಕ್ಕೆ ಅಂಟಿದ ನೀರಿನ ಅಣುಗಳಿಂದಾದ ಸೇತುವೆಯ ಆಸರೆಯಿಂದ. ಗೈರೇಸಿನಲ್ಲಿ 83ನೆಯ ಸ್ಥಾನದ ಸೀರಿನ್ ಎಂಬ ಅಮೈನೋ ಆಮ್ಲ ಈ ಸೇತುವೆಯ ಮುಖ್ಯ ಊರುಗೋಲು. ಜೀನಿನ ಒಂದೇ ಒಂದು ಅಕ್ಷರ ತಪ್ಪಿ ಸೀರಿನ್ ಜಾಗಕ್ಕೆ ಫಿನೈಲ್‌ಅಲನಿನ್ ಅಥವಾ ಟೈರೋಸಿನ್ ಬಂದರೆ ನಾಲಿಡಿಕ್ಸಿಕ್ ಆಸಿಡ್ಡಿನ ಹಿಡಿತ ಪೂರ್ತಿ ತಪ್ಪುತ್ತದೆ, ಬಲಶಾಲಿಯಾದ ಸಿಪ್ರೋಫ್ಲಾಕ್ಸಾಸಿನ್ ಮಾತ್ರ ಅರೆಬರೆ ಹಿಡಿದುಕೊಂಡಿರುತ್ತದೆ. 87ನೆಯ ಸ್ಥಾನದಲ್ಲೋ ಟೋಪೋಐಸೋಮರೇಸ್ 4 ಎಂಬ ಜೊತೆಕಿಣ್ವದಲ್ಲೋ ಇನ್ನೊಂದೆರಡು ಬದಲಾವಣೆಗಳಾದರೆ ಅದೂ ಸೋಲುತ್ತದೆ. ಅಂದರೆ, ಬ್ಯಾಕ್ಟೀರಿಯಾ ಮೊದಲ ಮೆಟ್ಟಿಲು ಹತ್ತಿದೆಯೇ ಎಂದು ತಿಳಿಯಲೆಂದೇ ಹಳೆಯ ಔಷಧಿಯನ್ನು ಪರೀಕ್ಷಿಸುವುದು.

ಇದರ ಬೆಲೆ ನನಗೆ ತಿಳಿದದ್ದು 1990ರ ದಶಕದ ಕೊನೆಯಲ್ಲಿ. ಒಂದು ಬೆಳಿಗ್ಗೆ ಟೈಫಾಯ್ಡ್ ಪ್ಲೇಟೊಂದನ್ನು ಬೆಳಕಿಗೆ ಹಿಡಿದಾಗ ಸಿಪ್ರೋಫ್ಲಾಕ್ಸಾಸಿನ್ ಡಿಸ್ಕಿನ (ಔಷಧಿ ಹೀರಿಸಿದ ಕಾಗದದ ಬಿಲ್ಲೆಯ) ಸುತ್ತ ಬ್ಯಾಕ್ಟೀರಿಯಾ ಬೆಳೆಯದ, 26 ಮಿಲಿಮೀಟರಿನ ತಿಳಿಯಾದ ವೃತ್ತವಿತ್ತು. ಪಕ್ಕದ ನಾಲಿಡಿಕ್ಸಿಕ್ ಆಸಿಡ್ ಡಿಸ್ಕಿನ ಅಂಚಿನವರೆಗೂ ಬ್ಯಾಕ್ಟೀರಿಯಾ ಮಬ್ಬಾದ ಹೊದಿಕೆಯಂತೆ ಬೆಳೆದಿತ್ತು. ಆಗಿನ ನಿಯಮದಂತೆ 21 ಮಿಲಿಮೀಟರ್ ಇದ್ದರೆ ಸಾಕು, ‘ಎಸ್’ (ಔಷಧಿಗೆ ಬಗ್ಗುತ್ತದೆ) ಎಂದು ಬರೆದೆ. ಆ ಔಷಧಿ ಕೊಟ್ಟ ಏಳನೆಯ ದಿನವೂ ಜ್ವರ ಇಳಿಯದೆ ವೈದ್ಯರು ಖುದ್ದಾಗಿ ಪ್ರಯೋಗಾಲಯಕ್ಕೆ ಬಂದು ಆ ಪ್ಲೇಟಿನ ಬಗ್ಗೆ ವಿಚಾರಿಸಿದರು. ನಿಯಮ ಪಾಲಿಸಿದ್ದೆ, ಆದರೂ ಆ ರೋಗಿಗೆ ತಪ್ಪು ಉತ್ತರ ಕೊಟ್ಟಿದ್ದೆ. ಪ್ರಯೋಗಾಲಯಗಳಿಗೆ ಮಾನದಂಡ ನಿಗದಿಪಡಿಸುವ ಅಮೆರಿಕದ ಸಂಸ್ಥೆ ಸಿಎಲ್‌ಎಸ್‌ಐ 2012ರಲ್ಲಿ ಟೈಫಾಯ್ಡ್ ಬ್ಯಾಕ್ಟೀರಿಯಾದ ಮಟ್ಟಿಗೆ ಈ ಗಡಿಯನ್ನು 31 ಮಿಲಿಮೀಟರಿಗೆ ಏರಿಸಿತು. ಅದೇ 26 ಇಂದು ‘ಐ’ ಆಗುತ್ತದೆ, ನಿಮ್ಮ ತಮ್ಮನ ವರದಿಯಲ್ಲಿ ಇರುವಂತೆ.

ಈ ಸುಳಿವು ಎಲ್ಲ ಸಲವೂ ಸಿಗುವುದಿಲ್ಲ ಎಂಬುದನ್ನೂ ಹೇಳಲೇಬೇಕು. ಕ್ವಿನೊಲೋನ್ ನಿರೋಧ ಬ್ಯಾಕ್ಟೀರಿಯಾದ ಸ್ವಂತ ಜೀನುಗಳ ತಪ್ಪಿನಿಂದಲೇ ಬರುತ್ತದೆ, ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲ ಎಂದು ಬಹುಕಾಲ ನಂಬಲಾಗಿತ್ತು. 1998ರಲ್ಲಿ ಮಾರ್ಟಿನೆಸ್-ಮಾರ್ಟಿನೆಸ್, ಪಾಸ್ಕುವಲ್ ಮತ್ತು ಜಾಕೋಬಿ ಅವರು ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿ ದೊರೆತ ಕ್ಲೆಬ್ಸಿಯೆಲ್ಲಾ ಎಂಬ ಬ್ಯಾಕ್ಟೀರಿಯಾ ಒಂದರಲ್ಲಿ, ಪ್ಲಾಸ್ಮಿಡ್ (ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸಬಲ್ಲ ಪುಟ್ಟ ಡಿಎನ್‌ಎ ಉಂಗುರ) ಮೂಲಕ ದಾಟಬಲ್ಲ ನಿರೋಧವನ್ನು ತೋರಿಸಿದರು. ಕ್ಯುಎನ್‌ಆರ್ ಎಂದು ಹೆಸರಾದ ಆ ಜೀನಿನ ಪ್ರೋಟೀನು ಗೈರೇಸನ್ನು ಔಷಧಿಯಿಂದ ಕಾಪಾಡುತ್ತದೆ. ಇಂಥ ಬ್ಯಾಕ್ಟೀರಿಯಾ ನಾಲಿಡಿಕ್ಸಿಕ್ ಆಸಿಡ್ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳಬಹುದಾದ್ದರಿಂದ ಈಗ ಅನೇಕ ಕಡೆ ಅದೇ ಕುಟುಂಬದ ಪೆಫ್ಲಾಕ್ಸಾಸಿನ್ ಡಿಸ್ಕ್ ಇಡುತ್ತಾರೆ. 2016ರಿಂದ ಪಾಕಿಸ್ತಾನದ ಸಿಂಧ್‌ನಲ್ಲಿ ಹರಡಿದ ಟೈಫಾಯ್ಡಿನಲ್ಲಿ ಕ್ಯುಎನ್‌ಆರ್ ಗುಂಪಿನ ಜೀನೂ ಸೆಫ್ಟ್ರಿಯಾಕ್ಸೋನನ್ನೇ ಸೋಲಿಸುವ ಜೀನೂ ಒಂದೇ ಪ್ಲಾಸ್ಮಿಡ್ಡಿನಲ್ಲಿದ್ದವು. ನಾನು ಹೆಚ್ಚು ಹೆದರುವುದು ಈ ಜೋಡಿಗೆ.

ನಿಮ್ಮ ತಮ್ಮ ಹಿಂದೊಮ್ಮೆ ಭೇದಿಗೆಂದು ತೆಗೆದುಕೊಂಡ, ಇದೇ ಕುಟುಂಬದ ನಾರ್‌ಫ್ಲಾಕ್ಸಾಸಿನ್ ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸಿದ್ದೇ ಇದಕ್ಕೆ ಕಾರಣವೇ ಎಂದೂ ಕೇಳಿದ್ದೀರಿ. ಅವರನ್ನು ದೂರಬೇಡಿ. ಭಾರತದ ಟೈಫಾಯ್ಡ್ ಬ್ಯಾಕ್ಟೀರಿಯಾಗಳಲ್ಲಿ ಹೆಚ್ಚಿನವು ಈ ಬದಲಾವಣೆಯನ್ನು ಈಗಾಗಲೇ ಹೊತ್ತಿವೆ. ನೀರಿನಿಂದಲೋ ಆಹಾರದಿಂದಲೋ ಅವರ ಹೊಟ್ಟೆ ಸೇರುವ ಮೊದಲೇ ಆ ಬ್ಯಾಕ್ಟೀರಿಯಾಕ್ಕೆ ನಿರೋಧ ಇದ್ದಿರುವ ಸಂಭವವೇ ಹೆಚ್ಚು. ವರದಿಯನ್ನು ಜೋಪಾನವಾಗಿಡಿ. ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಜ್ವರ ಮರುಕಳಿಸಿದರೆ, ಮನೆಯಲ್ಲಿರುವ ಮಾತ್ರೆ ನುಂಗದೆ, ಹೊಸ ಕಲ್ಚರ್ ಮಾಡಿಸಿ ಎರಡೂ ವರದಿಗಳನ್ನು ವೈದ್ಯರ ಮುಂದಿಡಿ.