ಬಿತ್ತನೆ ಭತ್ತವೋ, ಊಟದ ಅಕ್ಕಿಯೋ?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಸ್ಟಾರ್‌ಕ್ರಾಫ್ಟ್ ಅನ್ನೋ ಕಂಪ್ಯೂಟರ್ ಆಟಕ್ಕೆ ಎರಡು ಪುಟ ಕೊಟ್ಟಿದ್ದೀರಿ. ತೋಟಗಳಿಗೆ ಎಲೆಚುಕ್ಕೆ ರೋಗ ಬಿದ್ದಿರುವಾಗ ಇದು ಬೇಕಿತ್ತಾ? ಬುದ್ಧಿಗೆ ಕೆಲಸ ಬೇಕು ಅಂದರೆ ಚದುರಂಗ ಇಲ್ಲವೇ? ಮೂವತ್ತು ವರ್ಷ ಲೆಕ್ಕ ಕಲಿಸಿದವನು ನಾನು. ಇದರಲ್ಲಿ ನನಗೆ ಕಂಡಿದ್ದು ಯಾವುದೋ ಗ್ರಹದ ಹುಳುಗಳ ಹೊಡೆದಾಟ ಮಾತ್ರ. ನನ್ನ ಮೊಮ್ಮಗ ಇದನ್ನೇ ಆಡುತ್ತಾನೆ, ಊಟಕ್ಕೆ ಕರೆದರೂ ಏಳುವುದಿಲ್ಲ."
– ನಿವೃತ್ತ ಶಿಕ್ಷಕರು, ಸಾಗರ ತಾಲ್ಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ನಮಸ್ಕಾರ.

ಎಲೆಚುಕ್ಕೆಯ ಮಾತು ಸರಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗ ತೆಗೆದಿಟ್ಟಿದ್ದೇನೆ. ಆದರೆ ಹುಳುಗಳ ಹೊಡೆದಾಟ ಅಂದಿರಲ್ಲ, ಅದನ್ನು ಒಪ್ಪಲಾರೆ. ಆ ಪರದೆಯ ಮುಂದೆ ಕೂತ ಹುಡುಗ ಏನು ಲೆಕ್ಕ ಹಾಕುತ್ತಿರುತ್ತಾನೆ ಅನ್ನೋದನ್ನು ನಮ್ಮ ಲೇಖನ ಸರಿಯಾಗಿ ಹೇಳಲಿಲ್ಲ. ಅದು ನಮ್ಮ ತಪ್ಪು. ಈಗ ಹೇಳುತ್ತೇನೆ.

ಹುಳುಗಳಿಂದಲೇ ಶುರು ಮಾಡೋಣ. ಆಟದಲ್ಲಿ ಮೂರು ಪಕ್ಷ. ಆಡುವವನು ಒಂದನ್ನು ಆರಿಸಿಕೊಂಡು, ಸೈನ್ಯ ಕಟ್ಟಿ ಎದುರಾಳಿಯ ನೆಲೆಯನ್ನು ಕೆಡವಬೇಕು. ಟೆರನ್ ಅಂದರೆ ಭೂಮಿಯಿಂದ ಬಹುದೂರ ಹೋಗಿ ನೆಲೆಸಿದ ಮನುಷ್ಯರು. ಪ್ರೊಟಾಸ್ ಅಂದರೆ ತುಂಬಾ ಮುಂದುವರಿದ ಹಳೆಯ ಜನಾಂಗ. ಝರ್ಗ್ ಅಂದರೆ ನಿಮ್ಮ ಹುಳುಗಳು. ಝರ್ಗ್ ಗೂಡಿನ ಸುತ್ತ ಮರಿಹುಳು ಹುಟ್ಟುತ್ತವೆ. 50 ಮಿನರಲ್, ಅಂದರೆ ಆಟದಲ್ಲಿ ದುಡ್ಡಿನ ಹಾಗೆ ಖರ್ಚು ಮಾಡುವ ಖನಿಜ, ಕೊಟ್ಟರೆ ಒಂದು ಮರಿಹುಳು ಡ್ರೋನ್ ಆಗುತ್ತದೆ. ಅದು ಕೆಲಸದಾಳು, ಮಿನರಲ್ ಹೊತ್ತು ತರುತ್ತದೆ. ಅದೇ ಮರಿಹುಳುವಿಗೆ ಅದೇ 50 ಕೊಟ್ಟು ಎರಡು ಝರ್ಗ್ಲಿಂಗ್ ಮಾಡಬಹುದು. ಅವು ಕಾದಾಡುತ್ತವೆ, ಆದರೆ ಒಂದು ಕಾಸೂ ದುಡಿಯುವುದಿಲ್ಲ. ಪ್ರತಿ ಮರಿಹುಳುವೂ ಕಣಜದ ಭತ್ತ ಇದ್ದ ಹಾಗೆ. ಬಿತ್ತನೆಗೆ ಇಡಬೇಕಾ, ಅಕ್ಕಿ ಮಾಡಿ ಉಣ್ಣಬೇಕಾ? ಎಲ್ಲವನ್ನೂ ಡ್ರೋನ್ ಮಾಡಿದರೆ ಎದುರಾಳಿ ನುಗ್ಗಿದಾಗ ತಡೆಯುವವರಿಲ್ಲ. ಎಲ್ಲವನ್ನೂ ಝರ್ಗ್ಲಿಂಗ್ ಮಾಡಿದರೆ ಸ್ವಲ್ಪ ಹೊತ್ತಿಗೆ ಕೈ ಬರಿದು.

ಇನ್ನೂ ಒಂದಿದೆ. ಝರ್ಗ್‌ಗೆ ಕಟ್ಟಡ ಬೇಕಾದರೆ ಡ್ರೋನೇ ಕಟ್ಟಡವಾಗಿ ಬದಲಾಗುತ್ತದೆ. ಆ ಆಳು ಲೆಕ್ಕದಿಂದ ಹೋಯಿತು. ಟೆರನ್ ಆಳು ಕಟ್ಟಿ ಮುಗಿಸುವ ತನಕ ಅಲ್ಲೇ ನಿಲ್ಲಬೇಕು. ಪ್ರೊಟಾಸ್ ಆಳು ಶುರು ಮಾಡಿಟ್ಟು ಬಂದುಬಿಡುತ್ತದೆ, ಕಟ್ಟಡ ತಾನಾಗಿ ಎದ್ದು ನಿಲ್ಲುತ್ತದೆ. ಒಂದೇ ಕೆಲಸಕ್ಕೆ ಮೂರು ಲೆಕ್ಕ. ಇಷ್ಟು ಬೇರೆ ಬೇರೆ ಇದ್ದೂ ಯಾವ ಪಕ್ಷಕ್ಕೂ ಗೆಲುವು ಸಲೀಸಲ್ಲ. ಬ್ಲಿಝರ್ಡ್ ಕಂಪನಿ 1998ರಲ್ಲಿ ಆಟವನ್ನು ಹೊರತಂದ ಮೇಲೂ ಈ ತಕ್ಕಡಿಯನ್ನು ಸರಿಮಾಡುತ್ತಲೇ ಇತ್ತು. ನನಗಂತೂ ಆಟದ ಕಥೆಗಿಂತ ಈ ತಕ್ಕಡಿಯೇ ದೊಡ್ಡದು. ದಕ್ಷಿಣ ಕೊರಿಯಾದ ಜನ ಇದರ ಪಂದ್ಯಗಳನ್ನು ನಾವು ಕ್ರಿಕೆಟ್ ನೋಡಿದ ಹಾಗೆ ಟಿವಿಯಲ್ಲಿ ನೋಡುತ್ತಿದ್ದರು.

ನಾನು ಇದನ್ನು ಮೊದಲು ಆಡಿದ್ದು ಕಾಲೇಜು ದಿನಗಳಲ್ಲಿ, ಶಿವಮೊಗ್ಗದ ದುರ್ಗಿಗುಡಿಯ ಒಂದು ಸೈಬರ್ ಕೆಫೆಯಲ್ಲಿ. ಹೊರಗೆ ಜಡಿಮಳೆ. ಪಕ್ಕದ ಕಂಪ್ಯೂಟರಿನಲ್ಲಿ ಗೆಳೆಯ. ನಾನು ಸುಮ್ನೆ ಆಳುಗಳನ್ನು ಜಾಸ್ತಿ ಮಾಡುತ್ತಾ ಕೂತಿದ್ದೆ. ಮೂರು ನಿಮಿಷ ಆಗಿತ್ತೋ ಇಲ್ಲವೋ, ಆರು ಝರ್ಗ್ಲಿಂಗ್ ಬಂದು ನನ್ನ ಆಳುಗಳ ಮೇಲೆ ಬಿದ್ದವು. ಅವನು ಒಂದೇ ಒಂದು ಹೊಸ ಡ್ರೋನ್ ಮಾಡಿರಲಿಲ್ಲ. ಬಿತ್ತನೆ ಭತ್ತವನ್ನೂ ಬೇಯಿಸಿಬಿಟ್ಟಿದ್ದ. ಆ ಆರನ್ನು ತಡೆದಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಏನು ಮಾಡುತ್ತಿದ್ದಾನೆ ಅಂತ ನೋಡಿ ಬರಲು ನಾನು ಒಂದು ಆಳನ್ನು ಕಳಿಸಬೇಕಿತ್ತು. ಕಳಿಸಿರಲಿಲ್ಲ.

ಚದುರಂಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ಚದುರಂಗ ನನಗೂ ಪ್ರೀತಿಯ ಆಟ. ಆದರೆ ಅಲ್ಲಿ ಎದುರಾಳಿಯ ಕಾಯಿಗಳೆಲ್ಲ ಕಣ್ಣೆದುರೇ ಇರುತ್ತವೆ. ಅವನು ನಡೆಸಿದ ಮೇಲೆ ನಿಮ್ಮ ಸರದಿ. ಇಲ್ಲಿ ಆಗುಂಬೆ ಘಾಟಿಯಲ್ಲಿ ಮಂಜು ಇಳಿದ ಹಾಗೆ, ನಿಮ್ಮವರು ನಿಂತ ಜಾಗದ ಸುತ್ತ ಮಾತ್ರ ಕಾಣುತ್ತದೆ. ಸರದಿ ಅನ್ನೋದೇ ಇಲ್ಲ. ನೀವು ಯೋಚಿಸುವಾಗಲೂ ಅವನು ದುಡಿಯುತ್ತಿರುತ್ತಾನೆ.

ಚದುರಂಗದ ವಿಶ್ವ ಚಾಂಪಿಯನ್ ಗ್ಯಾರಿ ಕ್ಯಾಸ್ಪರೋವ್ ಅವರನ್ನು ಡೀಪ್ ಬ್ಲೂ ಅನ್ನುವ ಕಂಪ್ಯೂಟರ್ 1997ರಲ್ಲೇ ಸೋಲಿಸಿತು. ಸ್ಟಾರ್‌ಕ್ರಾಫ್ಟ್‌ನ ಎರಡನೇ ಆಟದಲ್ಲಿ ಡೀಪ್‌ಮೈಂಡ್ ಸಂಸ್ಥೆಯ ಆಲ್ಫಾಸ್ಟಾರ್ ಅನ್ನುವ ಕಂಪ್ಯೂಟರ್ ಪ್ರೋಗ್ರಾಂ ವೃತ್ತಿಪರ ಆಟಗಾರರನ್ನು ಮಣಿಸಿದ ಸುದ್ದಿ ಹೊರಬಿದ್ದಿದ್ದು 2019ರ ಜನವರಿಯಲ್ಲಿ. ಮಾನಾ ಅನ್ನುವ ಹೆಸರಿನಲ್ಲಿ ಆಡುವ ಪೋಲೆಂಡಿನ ಆಟಗಾರ ಐದಕ್ಕೆ ಐದೂ ಪಂದ್ಯ ಸೋತಿದ್ದ. ಸುದ್ದಿ ಹೊರಬಿದ್ದ ದಿನವೇ ನೇರಪ್ರಸಾರದಲ್ಲಿ ಇನ್ನೊಂದು ಪಂದ್ಯ ಇತ್ತು. ಈ ಸಲ ಕಂಪ್ಯೂಟರ್ ಕೂಡ ನಮ್ಮ ಹಾಗೆ ನಕ್ಷೆಯ ಒಂದೊಂದೇ ಭಾಗ ನೋಡಿ ಆಡಬೇಕಿತ್ತು. ಮಾನಾ ಒಂದು ಹಾರುವ ವಾಹನದಲ್ಲಿ ಇಬ್ಬರು ಯೋಧರನ್ನು ಅದರ ನೆಲೆಯೊಳಗೆ ಇಳಿಸಿದ. ಕಂಪ್ಯೂಟರ್ ತನ್ನ ಸೈನ್ಯವನ್ನೆಲ್ಲ ವಾಪಸ್ ತಿರುಗಿಸಿತು. ವಾಹನ ಅವರನ್ನು ಎತ್ತಿಕೊಂಡು ಜಾರಿತು. ಸೈನ್ಯ ಮುಂದೆ ಹೊರಟಿತು, ವಾಹನ ಮತ್ತೆ ಬಂತು. ಹೀಗೆ ಹೋಗಿ ಬಂದು, ಹೋಗಿ ಬಂದು, ಕಂಪ್ಯೂಟರ್ ಹೊತ್ತು ಕಳೆಯಿತು. ಅಷ್ಟರಲ್ಲಿ ಮಾನಾ ಸೈನ್ಯ ಬೆಳೆಸಿಕೊಂಡು ಗೆದ್ದ. ತೋಟದ ಒಂದು ತುದಿಯಲ್ಲಿ ಮಂಗ ಓಡಿಸುವಾಗ ಇನ್ನೊಂದು ತುದಿಗೆ ಅವು ಇಳಿದಿರುತ್ತವಲ್ಲ, ಆ ಕಷ್ಟ ಕಂಡವರಿಗೆ ಈ ಪಂದ್ಯವನ್ನು ವಿವರಿಸಬೇಕಿಲ್ಲ.

ಇನ್ನು ಊಟದ ವಿಷಯ. ಇಲ್ಲಿ ನಾನು ನಿಮ್ಮ ಕಡೆಯೇ. ಕರೆದಾಗ ಏಳಬೇಕು. ಆದರೆ ಪಂದ್ಯದ ನಡುವೆ ಬಿಟ್ಟು ಎದ್ದರೆ ಸೋತ ಹಾಗೆ. ಆಚೆ ಕೂತವನೂ ಒಬ್ಬ ಮನುಷ್ಯನೇ, ಅಲ್ವಾ? ಒಂದು ಪಂದ್ಯ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷ ನಡೆಯುತ್ತದೆ, ಕೆಲವೊಮ್ಮೆ ಜಾಸ್ತಿ. ಹಾಗಾಗಿ ಬಾಳೆ ಹಾಕುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ "ಇನ್ನು ಹೊಸ ಪಂದ್ಯ ಹಿಡಿಯಬೇಡ ಮಗಾ" ಅಂತ ಹೇಳಿಬಿಡಿ. ನಮ್ಮ ಮನೆಯಲ್ಲಿ ಇದು ನಡೆಯುತ್ತಿದೆ. ದುಡ್ಡು ಹಾಕುತ್ತಾನಾ ಅಂತ ಚಿಂತೆ ಇದ್ದರೆ, ಎರಡನೇ ಆಟದ ಪಂದ್ಯಗಳನ್ನು 2017ರ ನವೆಂಬರಿನಿಂದ ಪುಕ್ಕಟೆ ಆಡಬಹುದು.

ಕೊನೆಗೆ ಒಂದು ಕೋರಿಕೆ. ಆಡಿದ ಪಂದ್ಯ ಕಂಪ್ಯೂಟರಿನಲ್ಲಿ ಉಳಿದಿರುತ್ತದೆ. ಅದಕ್ಕೆ ರೀಪ್ಲೇ ಅಂತಾರೆ. ಅದರಲ್ಲಿ ಮಂಜು ಸರಿಸಿ ಎರಡೂ ಕಡೆಯನ್ನು ನೋಡಬಹುದು. ಸೋತ ಪಂದ್ಯ ಒಂದನ್ನು ಹಾಕು ಅಂತ ಮೊಮ್ಮಗನಿಗೆ ಹೇಳಿ, ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತುಕೊಳ್ಳಿ. ಅವನು ಝರ್ಗ್ ಆಗಿದ್ದರೆ, ಡ್ರೋನ್ ಮಾಡೋದನ್ನು ಯಾವಾಗ ನಿಲ್ಲಿಸಿದೆ, ಯಾಕೆ ನಿಲ್ಲಿಸಿದೆ ಅಂತ ಕೇಳಿ. ಅವನು ಏನಂದ ಅಂತ ನನಗೂ ಬರೆಯಿರಿ. ಆ ಪತ್ರವನ್ನೂ ಅಚ್ಚು ಹಾಕುತ್ತೇನೆ.

– ಸಂಪಾದಕ